ನಡುಗಡಲಿನಲ್ಲಿ ಇಂಧನ: ನಮ್ಮ ನೌಕಾಪಡೆಯ ಟ್ಯಾಂಕರ್ ನೌಕೆಗಳು

(ಹೊಸಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ವಿಜ್ಞಾನ ಮತ್ತು ತಂತ್ರಜ್ಞಾನದ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿಸಬೇಕು ಎಂಬುದು ಈ ದತ್ತಿಯ ಹಿಂದಿರುವ ಆಸೆ. ಈ ವರ್ಷಕ್ಕೆ ನಾನು ಆರಿಸಿಕೊಂಡದ್ದು ಕಡಲಿನ ವಿಷಯ. ಹೊಸಕೋಟೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರು ದೂರ. ಆದರೂ ಈ ವಿಷಯ ನಿಮಗೆ ಹೊರಗಿನದಲ್ಲ. ಇದೇ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ದೊಡ್ಡ ದೊಡ್ಡ ಟ್ಯಾಂಕುಗಳಿವೆ. ಮಂಗಳೂರಿನಿಂದ ಹೊರಟ ಇಂಧನ ಘಟ್ಟ ಹತ್ತಿ, ಹಾಸನದ ಮೇಲೆ ಹಾದು, ಸುಮಾರು 360 ಕಿ.ಮೀ. ಉದ್ದದ ಕೊಳವೆಯಲ್ಲಿ ಹರಿದು ಅಲ್ಲಿಗೆ ಬಂದು ಸೇರುತ್ತದೆ. ಅಲ್ಲಿಂದ ಒಂದು ಪಾಲು ಟ್ಯಾಂಕರ್ ಲಾರಿಗಳಲ್ಲಿ ಬಂಕುಗಳಿಗೆ ಹೋಗುತ್ತದೆ. ವಿಮಾನದ ಇಂಧನ ಇನ್ನೊಂದು ಕೊಳವೆಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಈ ಕೊಳವೆಗಳು ಒಂದು ವಾರ ನಿಂತರೆ ಬೆಂಗಳೂರಿನ ಗತಿ ಏನಾಗುತ್ತದೆ ಎಂಬುದನ್ನು ಹೊಸಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕೊಳವೆ, ಬಂಕು, ರಸ್ತೆ ಯಾವುದೂ ಇಲ್ಲದ ಜಾಗವನ್ನು ನೆನೆದುಕೊಳ್ಳಿ. ಕಾರವಾರದಿಂದಲೋ ವಿಶಾಖಪಟ್ಟಣದಿಂದಲೋ ಹೊರಟ ಯುದ್ಧನೌಕೆಗಳ ಒಂದು ದಳ ಹಿಂದೂ ಮಹಾಸಾಗರದ ನಡುವೆ ಇದೆ. ಹತ್ತಿರದ ಬಂದರು ಸಾವಿರಾರು ಕಿಲೋಮೀಟರು ದೂರ. ಆ ಬಂದರು ನಮ್ಮವರದ್ದೂ ಅಲ್ಲದೆ ಇರಬಹುದು. ಟ್ಯಾಂಕಿನಲ್ಲಿ ಇಂಧನ ಅರ್ಧಕ್ಕೆ ಇಳಿದಿದೆ. ಕೆಲಸ ಮುಗಿದಿಲ್ಲ. ಆಗ ದಳದ ಜೊತೆಯಲ್ಲೇ ಸಾಗುತ್ತಿರುವ ಒಂದು ದೊಡ್ಡ ನೌಕೆಯ ಪಕ್ಕಕ್ಕೆ ಇವು ಒಂದೊಂದಾಗಿ ಬಂದು, ಯಾವುದೂ ನಿಲ್ಲದೆ, ಓಡುತ್ತಲೇ ಟ್ಯಾಂಕು ತುಂಬಿಸಿಕೊಳ್ಳುತ್ತವೆ. ಆ ದೊಡ್ಡ ನೌಕೆಗೆ ನೌಕಾಪಡೆಯವರು ಫ್ಲೀಟ್ ಟ್ಯಾಂಕರ್ ಎನ್ನುತ್ತಾರೆ. ಒಂದು ನೌಕಾಪಡೆ ತನ್ನ ತೀರದಿಂದ ಎಷ್ಟು ದೂರ ಹೋಗಬಲ್ಲದು, ಅಲ್ಲಿ ಎಷ್ಟು ದಿನ ನಿಲ್ಲಬಲ್ಲದು ಎಂಬುದನ್ನು ತೀರ್ಮಾನಿಸುವುದು ಈ ಟ್ಯಾಂಕರುಗಳು. ಫಿರಂಗಿ, ಕ್ಷಿಪಣಿ, ವಿಮಾನಗಳ ಲೆಕ್ಕ ಅದರ ನಂತರ ಬರುತ್ತದೆ. ಇವತ್ತು ನಾನು ನಿಮ್ಮ ಮುಂದೆ ಇಡಲು ಬಂದಿರುವ ಮಾತು ಇದೇ.

ನಮ್ಮ ನೌಕಾಪಡೆಯಲ್ಲಿ ಇಂಥ ನಾಲ್ಕು ದೊಡ್ಡ ನೌಕೆಗಳಿವೆ: ಐಎನ್‌ಎಸ್ ಜ್ಯೋತಿ, ಐಎನ್‌ಎಸ್ ಆದಿತ್ಯ, ಐಎನ್‌ಎಸ್ ದೀಪಕ್ ಮತ್ತು ಐಎನ್‌ಎಸ್ ಶಕ್ತಿ. ಜ್ಯೋತಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಟ್ಟಿದ್ದು, 1996ರಲ್ಲಿ ಸೇವೆಗೆ ಬಂತು. ಆದಿತ್ಯ ಕೋಲ್ಕತ್ತದ ಗಾರ್ಡನ್ ರೀಚ್ ನೌಕಾ ಕಾರ್ಖಾನೆಯದ್ದು, 2000ದಲ್ಲಿ ಸೇರಿತು. ದೀಪಕ್ ಮತ್ತು ಶಕ್ತಿ ಒಂದೇ ವರ್ಗದ ಎರಡು ನೌಕೆಗಳು. ಇಟಲಿಯ ಫಿನ್‌ಕಾಂಟಿಯೇರಿ ಕಂಪನಿ ಕಟ್ಟಿಕೊಟ್ಟ ಇವು 2011ರಲ್ಲಿ ಬಂದವು. ದೀಪಕ್ ಪಶ್ಚಿಮ ತೀರದ ಪಡೆಗೆ, ಶಕ್ತಿ ಪೂರ್ವ ತೀರದ ಪಡೆಗೆ. ಈ ಹೆಸರುಗಳು ಹೊಸವಲ್ಲ. 1967ರಲ್ಲಿ ಮತ್ತು 1976ರಲ್ಲಿ ಜರ್ಮನಿಯಿಂದ ಬಂದ ಟ್ಯಾಂಕರುಗಳಿಗೂ ಇವೇ ಹೆಸರುಗಳಿದ್ದವು. ಅವು ನಿವೃತ್ತಿಯಾದ ಮೇಲೆ ಹೊಸಬರಿಗೆ ಹಳೆಯ ಹೆಸರು ಉಳಿಯಿತು.

ದೀಪಕ್ ವರ್ಗದ ಅಳತೆಯನ್ನು ಕೊಂಚ ಹತ್ತಿರದಿಂದ ನೋಡೋಣ. ಉದ್ದ 175 ಮೀಟರ್, ಅಗಲ 25 ಮೀಟರ್. ಪೂರ್ಣ ತುಂಬಿದಾಗ ತೂಕ ಸುಮಾರು 27,500 ಟನ್. ಅದರಲ್ಲಿ ಇತರ ನೌಕೆಗಳಿಗಾಗಿ ಹೊತ್ತೊಯ್ಯುವ ದ್ರವ ಸರಕೇ ಸುಮಾರು 15,500 ಟನ್: ನೌಕೆಗಳ ಡೀಸೆಲ್, ವಿಮಾನ ಮತ್ತು ಹೆಲಿಕಾಪ್ಟರುಗಳ ಇಂಧನ, ಸಿಹಿನೀರು. ಇದರ ಮೇಲೆ 500 ಟನ್ನಿನಷ್ಟು ಮದ್ದುಗುಂಡು, ಬಿಡಿಭಾಗ, ಆಹಾರ ಸಾಮಗ್ರಿ. ವೇಗ 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ಗಂಟೆಗೆ 1,500 ಟನ್ ಇಂಧನವನ್ನು ದಾಟಿಸುವ ಪಂಪುಗಳಿವೆ. ದೇವನಗೊಂದಿಯ ಗೇಟಿನಿಂದ ಹೊರಬೀಳುವ 12,000 ಲೀಟರಿನ ಲಾರಿಗಳ ಲೆಕ್ಕದಲ್ಲಿ ಹೇಳುವುದಾದರೆ, ದೀಪಕ್ ಒಂದು ಸಲ ಹೊತ್ತುಕೊಂಡು ಹೋಗುವುದು ಹೆಚ್ಚು ಕಡಿಮೆ ಒಂದೂವರೆ ಸಾವಿರ ಲಾರಿಯ ಸರಕು. ಪಂಪುಗಳು ಪೂರ್ತಿ ನಡೆದಾಗ ಅರ್ಧ ನಿಮಿಷಕ್ಕೂ ಮೊದಲೇ ಒಂದು ಲಾರಿ ಖಾಲಿ. ಒಡಲಿಗೆ ಎರಡು ಪದರದ ಕವಚವಿದೆ. ಹೊರಗಿನ ಪದರ ಬಿರುಕು ಬಿಟ್ಟರೂ ಎಣ್ಣೆ ಕಡಲಿಗೆ ಚೆಲ್ಲಬಾರದು ಎಂಬ ಅಂತರರಾಷ್ಟ್ರೀಯ ನಿಯಮಕ್ಕೆ ಒಪ್ಪುವ ರಚನೆ ಅದು.

ನೌಕೆಗೆ ಹಾಕುವ ಡೀಸೆಲ್ ನಮ್ಮ ಬಂಕಿನ ಡೀಸೆಲ್ ಅಲ್ಲ. ಬಂಕಿನ ಡೀಸೆಲಿನ ಆವಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಹುದು. ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನ ಅಷ್ಟು ಬಿಸಿಲು ಇರುತ್ತದಲ್ಲ, ಅಷ್ಟೇ. ಎಂಜಿನ್ ಕೋಣೆ ಕುದಿಯುತ್ತಿರುವ, ಗುಂಡು ಬಿದ್ದು ಕಿಡಿ ಹಾರಬಹುದಾದ ಯುದ್ಧನೌಕೆಯಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪಾಯ. ಹಾಗಾಗಿ 60 ಡಿಗ್ರಿಗೂ ಮೇಲೆ ಮಾತ್ರ ಹೊತ್ತಿಕೊಳ್ಳುವ ಬೇರೆ ದರ್ಜೆಯ ಡೀಸೆಲನ್ನು ಬಳಸುತ್ತಾರೆ. ಇಂಡಿಯನ್ ಆಯಿಲ್ ಮತ್ತು ನೌಕಾಪಡೆ ಸೇರಿ ರೂಪಿಸಿದ ಸುಧಾರಿತ ದರ್ಜೆಯ ಇಂಧನ 2021ರ ಜನವರಿಯಲ್ಲಿ ಬಿಡುಗಡೆಯಾಯಿತು. ಬೇರೆ ದೇಶಗಳ ನೌಕೆಗಳಿಗೂ ಒಗ್ಗುವ ಗುಣಮಟ್ಟ ಅದಕ್ಕಿದೆ. ನಾವು ಅವರಿಗೆ ಕೊಡಬಹುದು, ಅವರಿಂದ ಪಡೆಯಬಹುದು. ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ಕಡಲಿನ ಮೇಲೆ ಇಂಧನ ದಾಟಿಸುವ ಕೆಲಸ ನಡೆಯುವ ಬಗೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮನುಷ್ಯ ಸಮುದ್ರದ ಮೇಲೆ ಮಾಡುವ ಅತಿ ನಾಜೂಕಿನ ಕೆಲಸಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಟ್ಯಾಂಕರ್ ಒಂದು ದಿಕ್ಕನ್ನು ಹಿಡಿದು, ಸಾಮಾನ್ಯವಾಗಿ 12ರಿಂದ 14 ನಾಟ್ ವೇಗದಲ್ಲಿ, ಅತ್ತ ಇತ್ತ ಸರಿಯದೆ ಸಾಗುತ್ತದೆ. ಇಂಧನ ಬೇಕಾದ ನೌಕೆ ಹಿಂದಿನಿಂದ ಬಂದು ಅದರ ಪಕ್ಕಕ್ಕೆ ಸರಿದು, ಅದೇ ವೇಗಕ್ಕೆ ಇಳಿಯುತ್ತದೆ. ನಡುವಿನ ಅಂತರ ನಲವತ್ತು ಐವತ್ತು ಮೀಟರು. ಸಾವಿರಾರು ಟನ್ ತೂಕದ ಎರಡು ಉಕ್ಕಿನ ರಾಶಿಗಳು ಅಲೆಯ ಮೇಲೆ ಏಳುತ್ತ ಬೀಳುತ್ತ ಅಷ್ಟು ಹತ್ತಿರದಲ್ಲಿ ಓಡುತ್ತಿರುತ್ತವೆ. ಮೊದಲು ಒಂದು ನೌಕೆಯಿಂದ ಬಂದೂಕಿನಂಥ ಸಾಧನದಿಂದ ತೆಳ್ಳನೆಯ ದಾರವನ್ನು ಇನ್ನೊಂದರ ಡೆಕ್ಕಿನ ಮೇಲಕ್ಕೆ ಹಾರಿಸುತ್ತಾರೆ. ಆ ಹೊತ್ತಿಗೆ ಡೆಕ್ಕಿನ ಮೇಲಿರುವವರೆಲ್ಲ ಮರೆಗೆ ಸರಿದಿರುತ್ತಾರೆ. ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ ಇನ್ನೂ ದಪ್ಪ ಹಗ್ಗ, ಕೊನೆಗೆ ಉಕ್ಕಿನ ವೈರ್ ದಾಟಿ ಬರುತ್ತದೆ. ಮುಂಭಾಗದಲ್ಲಿ ಇನ್ನೊಂದು ಹಗ್ಗವನ್ನು ಕೈಯಲ್ಲೇ ಬಿಗಿಯಾಗಿ ಹಿಡಿದಿರುತ್ತಾರೆ. ಅದರ ಉದ್ದಕ್ಕೂ ಬಣ್ಣ ಬಣ್ಣದ ಚಿಕ್ಕ ಬಾವುಟಗಳು, ಇಂತಿಷ್ಟು ಅಂತರಕ್ಕೊಂದು. ಚುಕ್ಕಾಣಿ ಹಿಡಿಸುವ ಅಧಿಕಾರಿ ಆ ಬಾವುಟಗಳನ್ನು ನೋಡಿಯೇ ನೌಕೆಗಳು ಹತ್ತಿರವಾಗುತ್ತಿವೆಯೋ ದೂರವಾಗುತ್ತಿವೆಯೋ ತಿಳಿಯುತ್ತಾನೆ. ರಾಡಾರ್, ಲೇಸರ್ ಎಲ್ಲ ಬಂದ ಮೇಲೂ ಈ ಹಗ್ಗ ಉಳಿದಿದೆ.

ಉಕ್ಕಿನ ವೈರ್ ಬಿಗಿಯಾದ ಮೇಲೆ ಅದಕ್ಕೆ ತೂಗುಬಿದ್ದ ಹೋಸ್ ಪೈಪ್ ರಾಟೆಗಳ ಮೇಲೆ ಜಾರಿಕೊಂಡು ಬರುತ್ತದೆ. ಅಲೆ ಬಂದು ನೌಕೆ ಓಲಾಡಿದಾಗ ವೈರ್ ತುಂಡಾಗದಂತೆ, ಸಡಿಲವೂ ಆಗದಂತೆ ನೋಡಿಕೊಳ್ಳುವ ಯಂತ್ರವೊಂದು ಟ್ಯಾಂಕರಿನ ಮೇಲೆ ಸದಾ ಎಳೆಯುತ್ತ ಬಿಡುತ್ತ ಇರುತ್ತದೆ. ಪೈಪಿನ ತುದಿಯ ಮೂತಿ ಇತ್ತಣ ನೌಕೆಯ ಗಂಟೆಯಾಕಾರದ ಬಾಯಿಗೆ ಹೊಕ್ಕು ಕಚ್ಚಿಕೊಂಡರೆ ಜೋಡಣೆ ಮುಗಿಯಿತು. ಕೆಂಪು ಬಾವುಟ ಏರುತ್ತದೆ, ಇಂಧನ ಹರಿಯುತ್ತಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಒಂದು ಗಂಟೆಯೋ ಎರಡು ಗಂಟೆಯೋ ಆ ಎರಡೂ ನೌಕೆಗಳು ಒಂದಕ್ಕೊಂದು ಕಟ್ಟುಬಿದ್ದಂತೆಯೇ.

ಇಲ್ಲಿ ಭೌತಶಾಸ್ತ್ರ ಓದುವ ಮಕ್ಕಳಿಗೆ ಒಂದು ಮಾತು. ಬರ್ನೂಲಿಯ ತತ್ವವನ್ನು ನೀವು ಪಿಯುಸಿಯಲ್ಲಿ ಓದಿದ್ದೀರಿ. ಎರಡು ನೌಕೆಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿಯುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಹೊರಗಿನ ನೀರು ಎರಡನ್ನೂ ಒಂದರತ್ತ ಒಂದನ್ನು ನೂಕುತ್ತದೆ. 1911ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ತೀರದಲ್ಲಿ ಒಲಿಂಪಿಕ್ ಎಂಬ ಭಾರಿ ಪ್ರಯಾಣಿಕ ಹಡಗಿಗೆ ಹಾಕ್ ಎಂಬ ಯುದ್ಧನೌಕೆ ಬಂದು ಬಡಿದದ್ದು ಈ ಸೆಳೆತದಿಂದಲೇ ಎಂದು ವಿಚಾರಣೆಯಲ್ಲಿ ವಾದ ನಡೆಯಿತು. ಒಲಿಂಪಿಕ್ ಅಂದರೆ ಟೈಟಾನಿಕ್‌ನ ಅಕ್ಕ. ಅವತ್ತು ಅಪಘಾತಕ್ಕೆ ಕಾರಣವಾದ ಆ ಸೆಳೆತದ ನಡುವೆಯೇ ಟ್ಯಾಂಕರಿನ ಪಕ್ಕದ ನೌಕೆ ಗಂಟೆಗಟ್ಟಲೆ ನಿಲ್ಲಬೇಕು. ಚುಕ್ಕಾಣಿ ಹಿಡಿದ ನಾವಿಕನಿಗೆ ಒಂದು ಡಿಗ್ರಿ, ಅರ್ಧ ಡಿಗ್ರಿಯ ಆದೇಶಗಳು ಬರುತ್ತಿರುತ್ತವೆ. ಎಂಜಿನ್ನಿನ ಸುತ್ತುಗಳನ್ನು ಒಂದೆರಡು ಹೆಚ್ಚಿಸು, ಒಂದೆರಡು ಇಳಿಸು ಎಂದು ಹೇಳುತ್ತಿರುತ್ತಾರೆ. ರಾತ್ರಿಯಾದರೆ ಮಂದ ದೀಪಗಳಲ್ಲಿ ಇದೇ ಕೆಲಸ. ಏನಾದರೂ ಕೆಟ್ಟರೆ ಸೈರನ್ನಿನ ಚಿಕ್ಕ ಚಿಕ್ಕ ಕೂಗುಗಳು ಸಾಲಾಗಿ ಮೊಳಗುತ್ತವೆ, ಪೈಪು ಬಿಡಿಸಿ, ಹಗ್ಗ ಕಳಚಿ, ಎರಡೂ ದೂರ ಸರಿಯುತ್ತವೆ. ಅದನ್ನೂ ಪದೇ ಪದೇ ಅಭ್ಯಾಸ ಮಾಡಿರುತ್ತಾರೆ.

ಪೈಪಿನಲ್ಲಿ ದಾಟದ ಸಾಮಾನು ಹೆಲಿಕಾಪ್ಟರಿಗೆ ತೂಗುಹಾಕಿದ ಬಲೆಯಲ್ಲಿ ಹೋಗುತ್ತದೆ. ದಶಕಗಳ ಕಾಲ ನಮ್ಮ ನೌಕೆಗಳ ಮೇಲೆ ಈ ಕೆಲಸ ಮಾಡಿದ ಚೇತಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಹೆಲಿಕಾಪ್ಟರ್. ಆ ಬಲೆಯಲ್ಲಿ ಬಿಡಿಭಾಗವೂ ಇರುತ್ತದೆ, ತರಕಾರಿಯೂ ಇರುತ್ತದೆ. ದೂರದ ಯಾನದಲ್ಲಿ ಮೊದಲು ಮುಗಿಯುವುದು ತಾಜಾ ಹಣ್ಣು, ಸೊಪ್ಪು. ಹಳೆಯ ಕಾಲದಲ್ಲಿ ಇದರ ಕೊರತೆಯಿಂದ ಬರುವ ಸ್ಕರ್ವಿ ರೋಗದಲ್ಲಿ ಸತ್ತ ನಾವಿಕರಿಗೆ ಲೆಕ್ಕವಿಲ್ಲ. ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯ 1747ರಲ್ಲಿ ಕಿತ್ತಳೆ, ನಿಂಬೆ ಕೊಟ್ಟು ರೋಗ ವಾಸಿಯಾಗುವುದನ್ನು ತೋರಿಸಿದ. ನಮ್ಮ ದೇವನಹಳ್ಳಿಯ ಚಕ್ಕೋತವೂ ಅದೇ ಕುಲದ್ದು, ದಪ್ಪ ಸಿಪ್ಪೆಯ ಕಾರಣ ಬೇಗ ಕೆಡದ ಹಣ್ಣು. ವಿಮಾನ ನಿಲ್ದಾಣದ ಸುತ್ತ ಚಕ್ಕೋತದ ತೋಟಗಳು ಕರಗುತ್ತಿರುವುದನ್ನು ನೋಡಿದಾಗಲೆಲ್ಲ ನನಗೆ ಲಿಂಡ್‌ನ ನೆನಪಾಗುತ್ತದೆ, ಸಂಕಟವೂ ಆಗುತ್ತದೆ.

ಇಷ್ಟು ಕಷ್ಟಪಟ್ಟು ನಡುಗಡಲಿನಲ್ಲೇ ಯಾಕೆ ತುಂಬಿಸಬೇಕು, ಬಂದರಿಗೆ ಹೋಗಿ ಬರಬಹುದಲ್ಲ ಎಂದು ಕೇಳಬಹುದು. ಉತ್ತರ ವೇಗದ ಲೆಕ್ಕದಲ್ಲಿದೆ. ನೌಕೆಯ ವೇಗವನ್ನು ಇಮ್ಮಡಿ ಮಾಡಬೇಕಾದರೆ ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಎಂಟು ಪಟ್ಟು ಬೇಕು. ಅಷ್ಟೇ ದೂರಕ್ಕೆ ಸುಡುವ ಇಂಧನ ಸುಮಾರು ನಾಲ್ಕು ಪಟ್ಟಾಗುತ್ತದೆ. ನಿಧಾನವಾಗಿ ಹೋದರೆ ತಿಂಗಳುಗಟ್ಟಲೆ ಸಾಲುವ ಇಂಧನ, ಯುದ್ಧದ ಓಟಕ್ಕೆ ನಿಂತರೆ ಕೆಲವೇ ದಿನಕ್ಕೆ ಮುಗಿಯುತ್ತದೆ. ಬಂದರಿಗೆ ಹೋಗಿ ಬರುವ ದಿನಗಳಲ್ಲಿ ಕಾವಲಿನ ಜಾಗ ಬರಿದಾಗಿರುತ್ತದೆ. ಪರಮಾಣು ಶಕ್ತಿಯ ವಿಮಾನವಾಹಕ ನೌಕೆ ಇದ್ದರೆ ಈ ತೊಂದರೆ ಇಲ್ಲ ಎನ್ನುವವರಿದ್ದಾರೆ. ಅದರ ಮೇಲಿನ ವಿಮಾನಗಳು ಅಣುಶಕ್ತಿಯಲ್ಲಿ ಹಾರುವುದಿಲ್ಲ, ಅದರ ಬೆಂಗಾವಲಿನ ನೌಕೆಗಳೂ ಎಣ್ಣೆಯಲ್ಲೇ ಓಡುತ್ತವೆ.

ಇಂಧನ ಕಡಿಮೆಯಾದರೆ ನೌಕೆ ನಿಂತುಹೋಗುತ್ತದೆ ಎಂಬುದಷ್ಟೇ ಭಯವಲ್ಲ. 1944ರ ಡಿಸೆಂಬರಿನಲ್ಲಿ ಫಿಲಿಪೀನ್ಸಿನ ಪೂರ್ವಕ್ಕೆ ಅಮೆರಿಕದ ಅಡ್ಮಿರಲ್ ಹಾಲ್ಸಿಯ ನೌಕಾದಳ ಇಂಧನ ತುಂಬಿಸಿಕೊಳ್ಳಲು ಟ್ಯಾಂಕರುಗಳನ್ನು ಕೂಡಿಕೊಂಡಿತು. 17ನೇ ತಾರೀಖು ಕಡಲು ಕೆರಳಿತು. ಪೈಪುಗಳು ಕಿತ್ತುಹೋದವು, ಕೆಲಸ ನಿಲ್ಲಿಸಬೇಕಾಯಿತು. ಚಂಡಮಾರುತ ಯಾವ ಕಡೆಯಿಂದ ಬರುತ್ತಿದೆ ಎಂಬ ಅಂದಾಜೂ ತಪ್ಪಿತು. ಟ್ಯಾಂಕಿನ ತಳದಲ್ಲಿ ಇಂಧನ ತುಂಬಿದ್ದರೆ ನೌಕೆಗೆ ಭಾರ ಇರುತ್ತದೆ, ವಾಲಿದರೂ ಎದ್ದು ನಿಲ್ಲುತ್ತದೆ. ಖಾಲಿಯಾದರೆ ಮೇಲಿನ ಭಾರವೇ ಹೆಚ್ಚಾಗಿ ಮಗುಚುತ್ತದೆ. ಮರುದಿನ ಹಲ್, ಮೊನಹ್ಯಾನ್, ಸ್ಪೆನ್ಸ್ ಎಂಬ ಮೂರು ಡೆಸ್ಟ್ರಾಯರುಗಳು ಮಗುಚಿ ಮುಳುಗಿದವು. ಸ್ಪೆನ್ಸ್‌ನಲ್ಲಂತೂ ಇಂಧನ ತಳ ಕಂಡಿತ್ತು. ಆ ಬಿರುಗಾಳಿಯಲ್ಲಿ ಸತ್ತವರು ಸುಮಾರು 790 ಮಂದಿ. ಶತ್ರುವಿನ ಒಂದು ಗುಂಡೂ ಹಾರಿರಲಿಲ್ಲ.

ಹಾಯಿ ಹಡಗಿನ ಕಾಲದಲ್ಲಿ ಗಾಳಿಯೇ ಇಂಧನ. ವಿಜಯನಗರಕ್ಕೆ ಕುದುರೆ ತಂದು ಭಟ್ಕಳದಲ್ಲಿ ಇಳಿಸುತ್ತಿದ್ದ ಹಡಗುಗಳಿಗೆ ಬೇಕಾಗಿದ್ದದ್ದು ನೀರು, ಅಕ್ಕಿ, ಉಪ್ಪು, ಸೌದೆ. ಉಗಿ ಎಂಜಿನ್ ಬಂದ ಮೇಲೆ ಕಲ್ಲಿದ್ದಲು ಇರುವ ಬಂದರಿನವರೆಗೆ ಮಾತ್ರ ನೌಕೆಯ ಓಟ. ಬ್ರಿಟಿಷರು 1839ರಲ್ಲಿ ಏಡನ್ ಹಿಡಿದು ಮುಂದೆ ಅದನ್ನು ಕಲ್ಲಿದ್ದಲಿನ ನೆಲೆಯಾಗಿ ಬೆಳೆಸಿದ್ದು ಈ ಕಾರಣಕ್ಕೇ. 1904ರಲ್ಲಿ ಜಪಾನಿನ ಮೇಲೆ ಯುದ್ಧಕ್ಕೆ ಬಾಲ್ಟಿಕ್ ಸಮುದ್ರದಿಂದ ಹೊರಟ ರಷ್ಯಾದ ದಳಕ್ಕೆ ದಾರಿಯಲ್ಲಿ ತನ್ನದೆಂಬ ಬಂದರೇ ಇರಲಿಲ್ಲ. ಜರ್ಮನ್ ಕಂಪನಿಯ ಕಲ್ಲಿದ್ದಲು ಹಡಗುಗಳನ್ನು ನಂಬಿಕೊಂಡು, ಡೆಕ್ಕಿನ ಮೇಲೆ, ಮಲಗುವ ಕೋಣೆಗಳಲ್ಲಿ ಕೂಡ ಕಲ್ಲಿದ್ದಲು ತುಂಬಿಕೊಂಡು ಅರ್ಧ ಭೂಮಿ ಸುತ್ತಿ ಹೋದ ಆ ದಳ 1905ರ ಮೇ ತಿಂಗಳಲ್ಲಿ ತ್ಸುಷಿಮಾದಲ್ಲಿ ನಾಶವಾಯಿತು.

ನಮಗೆ ಹತ್ತಿರದ್ದು ಎಮ್ಡೆನ್ ಕಥೆ. 1914ರ ಸೆಪ್ಟೆಂಬರ್ 22ರ ರಾತ್ರಿ ಈ ಜರ್ಮನ್ ಯುದ್ಧನೌಕೆ ಮದರಾಸಿನ ಮೇಲೆ ಗುಂಡು ಹಾರಿಸಿ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಒಂದೂ ಬಂದರಿನ ಆಸರೆಯಿಲ್ಲದೆ ಅದು ಹಿಂದೂ ಮಹಾಸಾಗರದಲ್ಲಿ ವಾರಗಟ್ಟಲೆ ಓಡಾಡಿದ್ದು ಹೇಗೆ? ಜೊತೆಯಲ್ಲಿ ಮಾರ್ಕೋಮಾನಿಯಾ ಎಂಬ ಕಲ್ಲಿದ್ದಲು ಹಡಗಿತ್ತು. ಮುಂದೆ ಬ್ಯೂರೆಸ್ಕ್ ಎಂಬ ಬ್ರಿಟಿಷ್ ಕಲ್ಲಿದ್ದಲು ಹಡಗನ್ನೇ ಹಿಡಿದುಕೊಂಡಿತು. ನಮ್ಮವರ ಮನೆಗಳಲ್ಲಿ ಎಮ್ಡೆನ್ ಹೆಸರು ಉಳಿಯಿತು. ಅದರ ಹೊಟ್ಟೆ ತುಂಬಿಸಿದ ಹಡಗುಗಳ ಹೆಸರು ಯಾರಿಗೂ ಗೊತ್ತಿಲ್ಲ.

ಓಡುತ್ತಿರುವ ನೌಕೆಗಳಿಗೆ ಪಕ್ಕದಿಂದ ಎಣ್ಣೆ ತುಂಬಿಸುವ ಪದ್ಧತಿ ಬಳಕೆಗೆ ಬಂದದ್ದು 1917ರ ಮೇ ತಿಂಗಳಲ್ಲಿ. ಅಟ್ಲಾಂಟಿಕ್ ದಾಟಿ ಐರ್ಲೆಂಡಿಗೆ ಹೊರಟ ಅಮೆರಿಕದ ಸಣ್ಣ ಡೆಸ್ಟ್ರಾಯರುಗಳಿಗೆ ಮಾಮೀ ಎಂಬ ಟ್ಯಾಂಕರ್ ನಡುದಾರಿಯಲ್ಲಿ ಇಂಧನ ಕೊಟ್ಟಿತು. ಹಗ್ಗ, ಪೈಪುಗಳ ಏರ್ಪಾಟನ್ನು ರೂಪಿಸಿದವರಲ್ಲಿ ಮುಖ್ಯನಾದವನು ಆ ಟ್ಯಾಂಕರಿನ ಎಂಜಿನಿಯರ್ ಅಧಿಕಾರಿ ಚೆಸ್ಟರ್ ನಿಮಿಟ್ಸ್. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ದಾಳಿಯಾದ ಮೇಲೆ ಪೆಸಿಫಿಕ್ ನೌಕಾಪಡೆಯ ನೇತೃತ್ವಕ್ಕೆ ಬಂದವನು ಇದೇ ನಿಮಿಟ್ಸ್. ಆ ದಾಳಿಗೆ ಜಪಾನಿನ ನೌಕೆಗಳು ಉತ್ತರ ಪೆಸಿಫಿಕ್ಕನ್ನು ದಾಟಲು ಸಾಧ್ಯವಾದದ್ದೂ ಟ್ಯಾಂಕರುಗಳಿಂದಲೇ. ಆದರೆ ಪರ್ಲ್ ಹಾರ್ಬರಿನ ದಡದಲ್ಲಿದ್ದ ಎಣ್ಣೆಯ ಟ್ಯಾಂಕುಗಳ ಮೇಲೆ ಅವರು ಬಾಂಬು ಹಾಕದೆ ಹೋದರು. ಅವನ್ನು ಸುಟ್ಟಿದ್ದರೆ ಯುದ್ಧ ಇನ್ನೆರಡು ವರ್ಷ ಮುಂದುವರಿಯುತ್ತಿತ್ತು ಎಂದು ನಿಮಿಟ್ಸ್ ಮುಂದೆ ಹೇಳಿದ. ಟ್ಯಾಂಕರಿನಲ್ಲಿ ದುಡಿದವನ ಮಾತು ಅದು, ತೂಕದ ಮಾತು.

ಇನ್ನೊಂದು ಉದಾಹರಣೆ ಬಿಸ್ಮಾರ್ಕ್. ಜರ್ಮನಿಯ ಈ ಹೆಮ್ಮೆಯ ನೌಕೆ 1941ರ ಮೇ 21ರಂದು ನಾರ್ವೆಯ ಬರ್ಗೆನ್ ಬಳಿ ನಿಂತಾಗ ಇಂಧನ ತುಂಬಿಸಿಕೊಳ್ಳದೆ ಹೊರಟಿತು. ಮೂರು ದಿನದ ನಂತರ ಬಿದ್ದ ಗುಂಡಿನಿಂದ ಮುಂಭಾಗದ ಟ್ಯಾಂಕುಗಳಲ್ಲಿದ್ದ ಸುಮಾರು ಸಾವಿರ ಟನ್ ಎಣ್ಣೆ ಕೈಗೆ ಸಿಗದಂತಾಯಿತು. ಪೂರ್ಣ ವೇಗದಲ್ಲಿ ತಪ್ಪಿಸಿಕೊಳ್ಳಲು ಇಂಧನ ಸಾಲದೆ ಫ್ರಾನ್ಸಿನ ಬಂದರಿನ ಕಡೆಗೆ ನಿಧಾನವಾಗಿ ಸಾಗುವಾಗ ಸಿಕ್ಕಿಬಿತ್ತು. 27ರಂದು ಅದರ ಮೇಲೆ ಗುಂಡು ಸುರಿಸಿದ ದೊಡ್ಡ ಬ್ರಿಟಿಷ್ ನೌಕೆಗಳೂ ಇಂಧನ ತೀರುತ್ತ ಬಂದ ಕಾರಣ ಕೆಲಸ ಮುಗಿಯುವ ಮೊದಲೇ ಮನೆಯ ಕಡೆ ತಿರುಗಬೇಕಾಯಿತು.

ನಮ್ಮ ದೇಶದ ಕಥೆಗೆ ಬರೋಣ. ಡಿಸೆಂಬರ್ 4 ನೌಕಾಪಡೆಯ ದಿನ. 1971ರ ಆ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ ಆಪರೇಷನ್ ಟ್ರೈಡೆಂಟ್ ನೆನಪಿಗಾಗಿ ಈ ಆಚರಣೆ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳ ಹೆಸರು ಶಾಲೆಯ ಭಾಷಣಗಳಲ್ಲಿ ಬರುತ್ತದೆ. ಅವು ಬಂದರಿನ ಹತ್ತಿರ ಕಾವಲಿಗೆಂದು ರಷ್ಯನ್ನರು ರೂಪಿಸಿದ ಚಿಕ್ಕ ದೋಣಿಗಳು. ವೇಗ ಬಹಳ, ಹೋಗಬಲ್ಲ ದೂರ ಕಡಿಮೆ. ಅವನ್ನು ದೊಡ್ಡ ನೌಕೆಗಳಿಗೆ ಕಟ್ಟಿ ಎಳೆದುಕೊಂಡು ಹೋಗುವ ಅಭ್ಯಾಸವನ್ನೂ ನಮ್ಮವರು ಮಾಡಿದ್ದರು. ದಾಳಿಯ ತಂಡದಲ್ಲಿ ಕಿಲ್ತಾನ್ ಮತ್ತು ಕಚ್ಚಲ್ ಎಂಬ ಎರಡು ಜಲಾಂತರ್ಗಾಮಿ ನಿರೋಧಕ ನೌಕೆಗಳಿದ್ದವು. ಅವುಗಳ ಜೊತೆ ಪೋಷಕ್ ಎಂಬ ಟ್ಯಾಂಕರೂ ಇತ್ತು. ಮರಳಿ ಬರುವ ದಾರಿಗೆ ಇಂಧನದ ಭರವಸೆ ಇಲ್ಲದೆ ಅಂಥ ದೋಣಿಗಳನ್ನು ಅಷ್ಟು ದೂರ ಯಾವ ಸೇನಾಧಿಕಾರಿಯೂ ಕಳುಹಿಸಲಾರ. ನಾಲ್ಕು ದಿನಗಳ ನಂತರ ವಿನಾಶ್ ಎಂಬ ಒಂದೇ ದೋಣಿ ನಾಲ್ಕು ಕ್ಷಿಪಣಿ ಹಾರಿಸಿತು. ಕರಾಚಿಯ ಕೇಮಾರಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು, ಪಾಕಿಸ್ತಾನದ ನೌಕಾಪಡೆಯ ಟ್ಯಾಂಕರ್ ಢಾಕಾ ಕೆಟ್ಟದಾಗಿ ಹಾನಿಗೊಂಡಿತು. ನಾವು ಇಂಧನವನ್ನು ಜೊತೆಗಿಟ್ಟುಕೊಂಡು ಹೋದೆವು, ಎದುರಾಳಿಯ ಇಂಧನವನ್ನು ಸುಟ್ಟೆವು. ಆ ಎರಡು ರಾತ್ರಿಗಳನ್ನು ನಾನು ಓದಿಕೊಳ್ಳುವುದು ಹೀಗೆ.

ಕರ್ನಾಟಕದ ತೀರಕ್ಕೆ ಇದರ ಸಂಬಂಧ ಕಾರವಾರದ ಮೂಲಕ. ಅಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಯ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಬಂದದ್ದು 2005ರ ಮೇ 31ರಂದು. ಇದಕ್ಕಾಗಿ ಊರು ಬಿಟ್ಟುಕೊಟ್ಟ ಉತ್ತರ ಕನ್ನಡದ ಮೀನುಗಾರ ಮತ್ತು ರೈತ ಕುಟುಂಬಗಳನ್ನು ಇಲ್ಲಿ ಗೌರವದಿಂದ ನೆನೆಯಬೇಕು. ವಿಮಾನ ನಿಲ್ದಾಣಕ್ಕೆ ಜಮೀನು ಕೊಟ್ಟ ದೇವನಹಳ್ಳಿಯವರಿಗೆ ಅವರ ನೋವು ತಿಳಿದೀತು. 2014ರ ಜನವರಿ 7ರಂದು ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರಕ್ಕೆ ಬಂತು. 2013ರ ನವೆಂಬರಿನಲ್ಲಿ ರಷ್ಯಾದ ಉತ್ತರ ತುದಿಯ ಸೆವೆರೋದ್ವಿನ್ಸ್ಕ್‌ನಿಂದ ಹೊರಟ ಆ ನೌಕೆ 44,000 ಟನ್ನಿಗೂ ಹೆಚ್ಚು ತೂಕದ್ದು, ಎಂಟು ಬಾಯ್ಲರುಗಳದ್ದು. ಚಳಿಗಾಲದ ಬಿರುಗಾಳಿಯ ಕಡಲಿನಿಂದ ಅರಬ್ಬಿ ಸಮುದ್ರದವರೆಗಿನ ಆ ಯಾನದಲ್ಲಿ ಅದರ ಜೊತೆಯಲ್ಲಿ ಬೆಂಗಾವಲಿಗೆ ತ್ರಿಕಂಡ್ ಇತ್ತು, ದೀಪಕ್ ಇತ್ತು. ಪತ್ರಿಕೆಗಳಲ್ಲಿ ವಿಕ್ರಮಾದಿತ್ಯದ ಚಿತ್ರಗಳು ಅರ್ಧ ಪುಟ ತುಂಬಿದವು. ದೀಪಕ್ ಹೆಸರು ಒಂದು ಸಾಲಿನಲ್ಲಿ ಬಂದರೆ ಹೆಚ್ಚು.

ನೆರವು ಎರಡೂ ಕಡೆಯಿಂದ ನಡೆಯುತ್ತದೆ ಎಂದೆನಲ್ಲ. 2016ರ ಆಗಸ್ಟಿನಲ್ಲಿ ಭಾರತ ಮತ್ತು ಅಮೆರಿಕ ಪರಸ್ಪರರ ಪಡೆಗಳಿಗೆ ಇಂಧನ, ಸಾಮಗ್ರಿ ಒದಗಿಸುವ ಒಪ್ಪಂದಕ್ಕೆ ಸಹಿ ಹಾಕಿದವು. 2020ರ ಸೆಪ್ಟೆಂಬರಿನಲ್ಲಿ ಉತ್ತರ ಅರಬ್ಬಿ ಸಮುದ್ರದಲ್ಲಿ ನಮ್ಮ ಐಎನ್‌ಎಸ್ ತಲ್ವಾರ್ ಅಮೆರಿಕದ ಯೂಕಾನ್ ಎಂಬ ಟ್ಯಾಂಕರಿನಿಂದ ಇಂಧನ ಪಡೆಯಿತು. ಇದು ಒಳ್ಳೆಯದೇ. ಆದರೆ ಕಷ್ಟದ ದಿನ ಬಂದಾಗ ಬೇರೆಯವರ ಟ್ಯಾಂಕರ್ ಅವರ ಸರ್ಕಾರದ ಮಾತು ಕೇಳುತ್ತದೆ, ನಮ್ಮದನ್ನಲ್ಲ.

ಹಾಗಾಗಿ ನನ್ನ ಚಿಂತೆ ನಾಲ್ಕು ಎಂಬ ಆ ಅಂಕಿಯ ಬಗ್ಗೆ. ಎರಡು ವಿಮಾನವಾಹಕ ನೌಕೆಗಳು, ಎರಡು ತೀರಗಳು, ಏಡನ್ ಕೊಲ್ಲಿಯಿಂದ ಮಲಾಕ್ಕಾ ಜಲಸಂಧಿಯವರೆಗೆ ಕಾವಲು. ಇಷ್ಟಕ್ಕೆ ನಾಲ್ಕು ಟ್ಯಾಂಕರ್. ಅವುಗಳಲ್ಲಿ ಒಂದೊಂದು ಸರದಿಯಂತೆ ರಿಪೇರಿಗೆ ಹೋಗಲೇಬೇಕು. ಜ್ಯೋತಿಗೆ ವಯಸ್ಸಾಗಿದೆ. ವಿಕ್ರಾಂತದಂಥ ವಿಮಾನವಾಹಕ ನೌಕೆಯನ್ನು ಕೊಚ್ಚಿಯಲ್ಲಿ ಸ್ವತಃ ಕಟ್ಟಿದ ದೇಶ ಟ್ಯಾಂಕರಿಗೆ ಜರ್ಮನಿ, ರಷ್ಯಾ, ಇಟಲಿಗಳ ಬಾಗಿಲಿಗೆ ಹೋಗಿದೆ. ನಾವೇ ಕಟ್ಟಿದ ಆದಿತ್ಯ 1993ರಲ್ಲಿ ನೀರಿಗಿಳಿದ ಮೇಲೂ ಸೇವೆಗೆ ಬರಲು ಏಳು ವರ್ಷ ಹಿಡಿಯಿತು. ತಂತ್ರಜ್ಞಾನ ಕೈಗೆ ಸಿಗದ್ದು ಇದಕ್ಕೆ ಕಾರಣ ಎಂದು ನಾನು ಒಪ್ಪುವುದಿಲ್ಲ. ಟ್ಯಾಂಕರ್ ನಮ್ಮ ಗಮನದ ಸಾಲಿನಲ್ಲಿ ಕೊನೆಗೆ ನಿಂತಿತ್ತು.

ಈಗ ಆ ಸಾಲು ಬದಲಾಗುವ ಸೂಚನೆ ಇದೆ. 2023ರ ಆಗಸ್ಟಿನಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿಗೆ ಐದು ಹೊಸ ನೌಕೆಗಳ ಗುತ್ತಿಗೆ ಕೊಡಲಾಯಿತು. ಮೊತ್ತ ಸುಮಾರು 19,000 ಕೋಟಿ ರೂಪಾಯಿ. ಒಂದೊಂದರ ತೂಕ 44,000 ಟನ್, ದೀಪಕ್‌ಗಿಂತ ಒಂದೂವರೆ ಪಟ್ಟು ದೊಡ್ಡವು. ಮೊದಲನೆಯದಕ್ಕೆ 2024ರ ಏಪ್ರಿಲಿನಲ್ಲಿ ಉಕ್ಕು ಕತ್ತರಿಸುವ ಕೆಲಸ ಶುರುವಾಯಿತು. ಇವುಗಳಲ್ಲಿ ಎರಡು ನೌಕೆಗಳ ನಿರ್ಮಾಣವನ್ನು ಚೆನ್ನೈ ಹತ್ತಿರದ ಕಾಟ್ಟುಪಳ್ಳಿಯ ಲಾರ್ಸನ್ ಅಂಡ್ ಟೂಬ್ರೊ ವಹಿಸಿಕೊಂಡಿದೆ. ತೆರಿಗೆ ಕಟ್ಟುವ ನಮಗೆ ಇಲ್ಲಿ ಒಂದು ಜವಾಬ್ದಾರಿ ಇದೆ. ಹೊಸ ಯುದ್ಧವಿಮಾನ ಎಷ್ಟು ಬಂದವು ಎಂದು ಕೇಳುವ ಹಾಗೆಯೇ ಈ ಐದು ನೌಕೆಗಳು ಹೇಳಿದ ಹೊತ್ತಿಗೆ ಬಂದವೇ ಎಂದೂ ಕೇಳಬೇಕು. ನಮ್ಮ ಪ್ರತಿನಿಧಿಗಳಿಗೆ ಕೇಳಬೇಕು, ಪತ್ರಿಕೆಗಳಿಗೆ ಬರೆಯಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಯಲಹಂಕದ ವೈಮಾನಿಕ ಪ್ರದರ್ಶನದ ದಿನಗಳಲ್ಲಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬೈಕು ನಿಲ್ಲಿಸಿ ಆಕಾಶ ನೋಡುವ ನಿಮ್ಮನ್ನು ನಾನು ಬಲ್ಲೆ. ಇನ್ನು ಮೇಲೆ ಕಡಲನ್ನೂ ನೋಡಿ. ಮುಂದಿನ ಪ್ರವಾಸಕ್ಕೆ ಕಾಲೇಜಿನವರು ಗೋಕರ್ಣ, ಮುರುಡೇಶ್ವರ ಎಂದರೆ ಕಾರವಾರವನ್ನೂ ಸೇರಿಸಲು ಕೇಳಿ. ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. 1976ರಲ್ಲಿ ಸೇವೆಗೆ ಬಂದದ್ದು, 1971ರಲ್ಲಿ ಕರಾಚಿಗೆ ಹೋದ ದೋಣಿಗಳ ತಮ್ಮ. ಉದ್ದ ನಲವತ್ತು ಮೀಟರೂ ಇಲ್ಲ. ಅದರ ಎಂಜಿನ್ ಕೋಣೆಯ ಹತ್ತಿರ ನಿಂತು, ಇಷ್ಟು ಚಿಕ್ಕದರಲ್ಲಿ ಎಷ್ಟು ಇಂಧನ ಹಿಡಿದೀತು, ಎಷ್ಟು ದೂರ ಹೋದೀತು ಎಂದು ನೀವೇ ಲೆಕ್ಕ ಹಾಕಿ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡುತ್ತಿರುವವರು, ಭೌತಶಾಸ್ತ್ರ ಗಣಿತ ತೆಗೆದುಕೊಂಡ ಹುಡುಗಿಯರು ಹುಡುಗರು, ನೌಕಾಪಡೆಯ ಎಂಜಿನಿಯರಿಂಗ್ ಶಾಖೆಗೆ, ನೌಕಾ ಕಾರ್ಖಾನೆಗಳಿಗೆ ಅರ್ಜಿ ಹಾಕಿ. ವಿಶಾಖಪಟ್ಟಣದಲ್ಲಿ, ಕಾಟ್ಟುಪಳ್ಳಿಯಲ್ಲಿ ಆ ಐದು ನೌಕೆಗಳ ಕೆಲಸ ನಡೆಯುತ್ತಿದೆ. ಅವುಗಳನ್ನು ನಡೆಸುವವರಲ್ಲಿ ಹೊಸಕೋಟೆಯವರೂ ಇರಬೇಕೆಂದು ನಾನು ಬಯಸುತ್ತೇನೆ.